ಕೋತಿಮರಿಯ ಕಪ್ಪು ಕತ್ತು

ಬೆಟ್ಟದ ಗುಡಿಯ ಕೋತಿ ಕೆಂಚಿ ತನ್ನ ಮರಿಯ ಕತ್ತನ್ನು ಎಷ್ಟು ಉಜ್ಜಿದರೂ ಕಪ್ಪು ಹೋಗಲೊಲ್ಲದು. ಮರಿಯೋ, ಕೂತರೆ ಕಲ್ಲುಮೆಟ್ಟಿಲೇ ಬಿರಿಯುವಷ್ಟು ದಪ್ಪ!

“ಅದು ಕೊಳೆಯಲ್ಲ ಕಣಮ್ಮ, ಸಕ್ಕರೆ ಕಾಯಿಲೆ ಹೊಂಚು ಹಾಕಿರೋ ಗುರುತು,” ಎಂದಿತು ಕಾಗೆ. “ನಿಮ್ಮ ಮಾವನಿಗೂ ಹೀಗೇ ಶುರುವಾಗಿದ್ದಲ್ವೇ? ಕಾಲಿನ ಗಾಯ ಇನ್ನೂ ಮಾಯ್ದಿಲ್ಲ.”

ಲಾಡು ಮೆಲ್ಲುತ್ತಿದ್ದ ಮಾವ ಗದರಿದ: “ನಮ್ಮ ವಂಶವೇ ದಪ್ಪ! ಕೂತಲ್ಲಿಗೇ ಭಕ್ತರ ಲಾಡು, ಜ್ಯೂಸು ಬರುವಾಗ ಮರ ಹತ್ತೋಕೆ ನಾವೇನು ಕಾಡುಕೋತಿಗಳೇ?”

ಕೆಂಚಿ ಮರಿಯ ಕೈಯ ಲಾಡು ಕಿತ್ತು ಬೀಸಿ ಎಸೆದಳು. ಅದು ಏಳು ಊರು ದಾಟಿ ಬಿತ್ತು. ಮರಿಯನ್ನು ಅತ್ತಿಮರಕ್ಕೆ ಅಟ್ಟಿದಳು. “ಹಣ್ಣು ಮೇಲಿದೆ, ಹತ್ತೋ!”

“ಕೂಸು ಬಿದ್ದುಬಿಟ್ಟೀತೇ!” ಮಾವ ಕೂಗಿದ.

“ಬೀಳಲಿ ಮಾವಯ್ಯ, ಕೋತಿಯಾಗಿ ಬೀಳಲಿ!”

ಮರಿ ಅಳುತ್ತಲೇ ಮೊದಲ ಕೊಂಬೆ ಹಿಡಿಯಿತು.