ಕೆಂಪು ಬಟ್ಟೆಯ ಮಸೂದೆ

"ಕೇಳಿರಪ್ಪಾ ಕೇಳಿ! ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವರು ಬಲ್ಲರಸ ಪ್ರಭುಗಳ ಮುಂದೆ ಒಂದು ಬೇಡಿಕೆ ಇಡಬಹುದು. ತಪ್ಪಿದವರ ತಲೆ ಹೋಗುತ್ತದೆ!"

ಹೀಗಂತ ಕರಿಗಲ್ಲುಪುರದ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು. ತಲೆಯ ಮಾತು ಸೇರಿಸಿದವನು ರಾಜ. ಇಲ್ಲದಿದ್ದರೆ ಕಂಡಕಂಡವರೆಲ್ಲ ಬಂದು ಅರಮನೆಯಲ್ಲಿ ಉಂಡು ಹೋಗುತ್ತಾರಂತೆ. ಪುಣ್ಯಾತ್ಮನಿಗೆ ಅದೊಂದು ಚಿಂತೆ ನೋಡಿ.

ಆ ಊರಲ್ಲಿ ಮಾಚ ಅಂತ ಒಬ್ಬ ಮಡಿವಾಳನಿದ್ದ. ಆ ರಾಜ್ಯದಲ್ಲಿ ಮನೆಗೊಬ್ಬರು ಕಲ್ಲುಗಣಿಗೆ ಬಿಟ್ಟಿ ದುಡಿಯಲು ಹೋಗಬೇಕಿತ್ತು. ಹೋದವರು ಜೀವವಿರುವ ತನಕ ತಿರುಗಿ ಬರುವ ಹಾಗಿಲ್ಲ. ಮಾಚನ ಸರದಿ ಬಂದಾಗ ಅವನ ಅಕ್ಕ ಸಂಕವ್ವ, "ನೀನಿನ್ನೂ ಎಳೆಯ" ಅಂತ ಅವನನ್ನು ಹಿಂದಕ್ಕೆ ತಳ್ಳಿ ತಾನೇ ಹೋಗಿದ್ದಳು. ಹನ್ನೆರಡು ವರ್ಷವಾಯಿತು. ಕಲ್ಲಿನ ಧೂಳು ಅವಳ ಎದೆಗೆ ಇಳಿದು ಕೆಮ್ಮು ಹಿಡಿದಿತ್ತು.

ಬಿಟ್ಟಿ ನಿಲ್ಲಿಸುವ ಮಸೂದೆ ಎರಡು ಸಲ ಸಭೆಗೆ ಬಂದು ಎರಡು ಸಲವೂ ಬಿದ್ದುಹೋಗಿತ್ತು. ಈಗ ಮೂರನೆಯ ಸಲ. ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಮಾಚನೊಬ್ಬನಿಗೆ ಬಿಟ್ಟು. ಮಸೂದೆಯ ಓಲೆಕಟ್ಟನ್ನು ಕೆಳಮನೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದರು, ಸಮಿತಿಯಲ್ಲಿ ಹಳದಿ, ಮೇಲ್ಮನೆಯಲ್ಲಿ ನೀಲಿ, ಅರಸರ ಕೋಣೆಯಲ್ಲಿ ಕೆಂಪು. ಮುಂದಿನ ಮನೆಗೆ ಹೋದಾಗ ಹಳೆಯ ಬಟ್ಟೆ ಬಿಚ್ಚಿ ಒಗೆಯಲು ಹಾಕುತ್ತಿದ್ದರು. ಒಂದೊಂದು ಮಸೂದೆಯ ಬಟ್ಟೆಗೂ ಮಾಚ ಮೂಲೆಯಲ್ಲಿ ಕೇರುಕಾಯಿಯ ರಸದಿಂದ ಅಳಿಸದ ಗುರುತು ಹಾಕಿಟ್ಟಿದ್ದ. ಬಿಟ್ಟಿಯ ಮಸೂದೆಯ ಬಿಳಿ ಬಂತು, ಹಳದಿ ಬಂತು, ಹೋದ ದೀಪಾವಳಿಗೆ ನೀಲಿಯೂ ಬಂತು. ಆಮೇಲೆ ಕೆಂಪು ಬಟ್ಟೆಯ ದಾರಿ ಕಾಯ್ದೂ ಕಾಯ್ದೂ ಸೋತುಹೋದ.

ಒಗಟಿಗೆ ಮೊದಲು ಬಂದವನು ದಳವಾಯಿಯ ಮಗ ವೀರನಾಯಕ. ಪದ್ಮಲೆ ಕೇಳಿದಳು: "ಅದಕ್ಕೆ ಹೆಸರಿಡುತ್ತಾರೆ. ತುಂಬಿದ ಸಭೆಯಲ್ಲಿ ಮೂರು ಸಲ ಆ ಹೆಸರು ಕೂಗುತ್ತಾರೆ. ಆದರೂ ಅದಿನ್ನೂ ಹುಟ್ಟಿರುವುದಿಲ್ಲ. ಏನದು?"

"ಬಸುರಿಯ ಹೊಟ್ಟೆಯ ಕೂಸು!" ಅಂದ. ಅವನ ಕತೆ ಅಲ್ಲಿಗೆ ಮುಗಿಯಿತು.

ಪದ್ಮಲೆ ಅಪ್ಪನ ಕಾಲಿಗೆ ಬಿದ್ದಳು. "ಈ ತಲೆಯ ಕಟ್ಟಳೆ ಬೇಡಪ್ಪಾಜಿ."

"ಡಂಗುರ ಹೊಡೆಸಿದ ಮಾತು ತಿರುಗಿ ಬರುವುದಿಲ್ಲ ಮಗಳೇ," ಅಂದ ರಾಜ.

ಎರಡನೆಯವರು ನರಹರಿ ಶಾಸ್ತ್ರಿಗಳು. ಬುದ್ಧಿವಂತರು, ಎರಡು ಒಗಟು ಲೀಲಾಜಾಲವಾಗಿ ಬಿಡಿಸಿದರು. ಮೂರನೆಯದರ ಉತ್ತರವೂ ಗಂಟಲ ತನಕ ಬಂತು. ರಾಜನ ಮುಖ ನೋಡಿದರು, ಪಕ್ಕದ ಕತ್ತಿ ನೋಡಿದರು, "ವಿಧಿ" ಅಂದುಬಿಟ್ಟರು. ಹೆದರಿ ಸುಳ್ಳು ಹೇಳಿದ್ದಕ್ಕೇ ತಲೆ ಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಧಿವೇಶನದ ಕೊನೆಯ ದಿನ ಮಾಚ ಬಂದ. ಅವತ್ತು ಹೊತ್ತು ಮುಳುಗುವುದರೊಳಗೆ ಅಂಕಿತ ಬೀಳದ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ. ಅಕ್ಕ ಇನ್ನೊಂದು ಸುತ್ತು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಮೊದಲ ಒಗಟಿಗೆ, "ಮಸೂದೆ, ಅಮ್ಮಣ್ಣೀ," ಅಂದ. "ಮೂರು ಸಲ ಓದಿದರೂ ಅಂಕಿತ ಬೀಳುವ ತನಕ ಅದು ಕಾಯಿದೆಯಾಗಿ ಹುಟ್ಟಿದ ಹಾಗಲ್ಲ."

ಪದ್ಮಲೆ ಎರಡನೆಯದು ಕೇಳಿದಳು: "ಒಳಗೆ ಹೋಗುವಾಗ ಮೈ ನೆಟ್ಟಗಿರುತ್ತದೆ, ಹೊರಗೆ ಬರುವಾಗ ಕೈಯೋ ಕಾಲೋ ಇರುವುದಿಲ್ಲ. ಒಳಗಿದ್ದವರೆಲ್ಲ ಒಳ್ಳೆಯದನ್ನೇ ಮಾಡಿದೆವು ಅನ್ನುತ್ತಾರೆ. ಆ ಮನೆ ಯಾವುದು?"

"ಸಮಿತಿಯ ಕೋಣೆ." ಮಾಚ ಸೊಂಟದಿಂದ ಒಂದು ಓಲೆಯ ಚೂರು ತೆಗೆದ. "ಹಳದಿ ಬಟ್ಟೆಯ ಮಡಿಕೆಯಲ್ಲಿ ಇದು ಸಿಕ್ಕಿತು. 'ಈಗಾಗಲೇ ಗಣಿಯಲ್ಲಿರುವವರಿಗೂ' ಅಂತ ಬರೆದಿದೆ. ಬಿಟ್ಟಿಯ ಮಸೂದೆಯಿಂದ ಇಷ್ಟನ್ನು ಕತ್ತರಿಸಿಬಿಟ್ಟರು."

ಪದ್ಮಲೆ ಮೂರನೆಯದು ಕೇಳಿದಳು: "ಕೆಳಗಿನವರು ಸರಿ ಅಂದರು, ಮೇಲಿನವರೂ ಸರಿ ಅಂದರು. ಬೇಡ ಅಂದವರು ಯಾರೂ ಇಲ್ಲ. ಆದರೂ ಎರಡು ಸಲ ಸತ್ತಿತು. ಕೊಂದವರು ಯಾರು?"

ಮಾಚ ರಾಜನಿಗೆ ಕೈಮುಗಿದ. "ತಾವೇ ಬುದ್ಧೀ. ಕೆಂಪು ಬಟ್ಟೆ ಇವತ್ತಿನವರೆಗೂ ಒಗೆಯೋಕೆ ಬಂದಿಲ್ಲ."

"ಉತ್ತರ ಸರಿ," ಅಂದಳು ಪದ್ಮಲೆ. "ಬಿಟ್ಟಿ ನಿಲ್ಲಿಸಿ ಅಂತ ಅಮ್ಮ ಸಾಯುವಾಗ ಬೇಡಿಕೊಂಡಿದ್ದಳು. ನಿಮ್ಮೆದುರು ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ ಅಪ್ಪಾಜಿ, ಒಗಟು ಮಾಡಿದೆ. ಅದಕ್ಕೆ ಇಬ್ಬರು ಸತ್ತರು."

ರಾಜ ಹುಡುಕಿಸಿದ. ಕೆಂಪು ಗಂಟು ಅವನ ಎಲೆಯಡಿಕೆ ತಟ್ಟೆಯ ಅಡಿಯಲ್ಲಿತ್ತು. ತಟ್ಟೆ ಅಲುಗಾಡದಿರಲಿ ಅಂತ ಯಾರೋ ಇಟ್ಟಿದ್ದರು, ಅವನು ಬಿಚ್ಚಿಯೂ ನೋಡಿರಲಿಲ್ಲ.

"ಏನು ಬೇಕು ಕೇಳು," ಅಂದ ತಲೆ ತಗ್ಗಿಸಿ.

"ಈ ಚೂರು ಸೇರಿಸಿ ಅಂಕಿತ ಹಾಕಿ ಬುದ್ಧೀ. ನಮ್ಮಕ್ಕ ಅಲ್ಲಿದ್ದಾಳೆ."

"ಒಂದಕ್ಷರ ಸೇರಿಸಿದರೂ ಎರಡು ಮನೆಗೂ ಮತ್ತೆ ಹೋಗಬೇಕಪ್ಪಾ. ಹೊತ್ತಿಳಿಯುತ್ತಿದೆ, ಅಷ್ಟರಲ್ಲಿ ಇಡೀ ಮಸೂದೆಯೇ ಬಿದ್ದುಹೋಗುತ್ತದೆ. ಗಣಿಯಲ್ಲಿರುವ ಒಬ್ಬರನ್ನೂ ಕಾಯಿದೆಯಿಲ್ಲದೆ ಬಿಡಿಸುವ ಅಧಿಕಾರ ನನಗಿಲ್ಲ. ಇದ್ದ ಹಾಗೇ ಹಾಕಲೋ, ಬಿಡಲೋ?"

ಬರುವ ಯುಗಾದಿಗೆ ಮತ್ತೆ ನಲವತ್ತು ಮನೆಯಿಂದ ಒಬ್ಬೊಬ್ಬರು ಗಣಿಗೆ ಹೊರಡಬೇಕಿತ್ತು. ಮಾಚ ಕಿಟಕಿಯ ಬಿಸಿಲು ನೋಡುತ್ತಾ ನಿಂತ. ಅಕ್ಕನ ಹೆಸರು ಬಾಯಿಗೆ ಬಂತು, ನುಂಗಿಕೊಂಡ. "ಇದ್ದ ಹಾಗೇ ಹಾಕಿ," ಅಂದ.

ಅಂಕಿತ ಬಿತ್ತು. ಯಾವ ಮಸೂದೆ ಎಲ್ಲಿದೆ ಅಂತ ದಿನಾ ಕೋಟೆ ಬಾಗಿಲಲ್ಲಿ ಕೂಗಿ ಹೇಳುವ ಅಧಿಕಾರಿಯನ್ನಾಗಿ ಮಾಚನನ್ನು ರಾಜ ನೇಮಿಸಿದ, ರೇಷ್ಮೆ ರುಮಾಲು ಕಟ್ಟಿಸಿದ. ಒಳಗಿರುವವರನ್ನು ಬಿಡಿಸುವ ಹೊಸ ಮಸೂದೆಯನ್ನೂ ಬರೆಸಿದ. ಅದು ಮನೆಮನೆ ದಾಟಿ ಬರಲು ಎಷ್ಟು ಕಾಲ ಬೇಕು ಅಂತ ಮಾಚನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಾರನೆಯ ದಿನ ಗಣಿಗೆ ಹೋದ. ಸಂಕವ್ವ ಕಲ್ಲಿಗೆ ಒರಗಿ ಕೂತಿದ್ದಳು. ಒಂದೂ ಬಿಡದೆ ಎಲ್ಲ ಹೇಳಿದ.

"ಹಂಗಾದರೆ ಇನ್ನು ಯಾರೂ ಇಲ್ಲಿಗೆ ಬರಲ್ವಾ?"

"ಬರಲ್ಲ ಅಕ್ಕಾ."

"ನಾನು?"

ಮಾಚ ಸೊಂಟದಿಂದ ಆ ಓಲೆಯ ಚೂರು ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಕೆಮ್ಮಿದಳು, ತುಂಬ ಹೊತ್ತು ಕೆಮ್ಮಿದಳು. ಆಮೇಲೆ ಅವನ ಕೈ ಹಿಡಿದುಕೊಂಡಳು.

"ನೀನು ಮಾಡಿದ್ದು ಸರಿ ಕಣೋ. ಅದನ್ನ ನಾಳೆ ಹೇಳ್ತೀನಿ. ಇವತ್ತೊಂದಿನ ನನ್ನ ಅಳೋಕೆ ಬಿಡು."