ಸಾರಿಸದೆ ಬಿಟ್ಟ ಜಾಗ

ಹೊಳೆದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಸುತ್ತಲಿನ ಹಳ್ಳಿಯವರು ಅಜ್ಜಾರು ಎಂದು ಕರೆಯುತ್ತಿದ್ದರು. ಅವರದು ಮಾತು ಕಡಿಮೆ. ಆಡಿದರೆ ಕೇಳಿದವನಿಗೆ ಅಂದು ಊಟ ಸೇರುತ್ತಿರಲಿಲ್ಲ, ಮರುದಿನ ಎರಡು ರೊಟ್ಟಿ ಹೆಚ್ಚು ಸೇರುತ್ತಿತ್ತು.

ಆ ಮಠಕ್ಕೆ ಒಂದು ವೆಬ್‌ಸೈಟ್ ಇತ್ತು. ನಗುವವರು ಈಗಲೇ ನಕ್ಕುಬಿಡಿ. ದೂರದೂರಿಗೆ ಹೋದ ಭಕ್ತರಿಗೆ ಅದೇ ಮಠದ ಬಾಗಿಲು.

ವೆಬ್‌ಸೈಟ್ ಇದ್ದದ್ದು ಯಾವುದೋ ಪಟ್ಟಣದ ಒಂದು ಕಂಪನಿಯ ಸರ್ವರಿನಲ್ಲಿ, ಬಾಡಿಗೆಗೆ. ಅದೊಂದು ವಠಾರ. ಹತ್ತಾರು ಬಿಡಾರಗಳ ನಡುವೆ ಮಠಕ್ಕೂ ಒಂದು ಕೋಣೆ ಸಿಕ್ಕಿತ್ತು. ಆ ಕೋಣೆಗೆ ಇಬ್ಬರು ಹೋಗಿಬರುತ್ತಿದ್ದರು.

ಒಬ್ಬ ಅಡವಯ್ಯ, ಅಜ್ಜಾರ ಶಿಷ್ಯ. ಮೂವತ್ತರ ಆಸುಪಾಸು, ವಿಪರೀತ ಅಚ್ಚುಕಟ್ಟು. ಪುಟಗಳನ್ನು ಸಿದ್ಧಮಾಡುವ ಸಾಫ್ಟ್‌ವೇರ್ ಒಂದು ಅವನ ಕಂಪ್ಯೂಟರಿನಲ್ಲಿತ್ತು. ಪುಟ ಕಟ್ಟಿ ‘ಪ್ರಕಟಿಸು’ ಎಂದು ಒತ್ತಿದರೆ ಸಾಕು, ಎಲ್ಲವೂ ತಾನಾಗಿ ಸರ್ವರಿಗೆ ಹೋಗಿ ಕೂರುತ್ತಿತ್ತು.

ಇನ್ನೊಬ್ಬಳು ಮುರಿಗೆಮ್ಮ, ಎಲ್ಲರ ಬಾಯಲ್ಲಿ ಮುರಿಗಕ್ಕ. ಕನ್ನಡ ಶಾಲೆಯಲ್ಲಿ ಕಲಿಸಿ, ನಿವೃತ್ತಿಯಾಗಿ, ಮಠಕ್ಕೆ ಬಂದು ನೆಲೆಸಿದ್ದಳು. ಹಿಟ್ಟಿನ ಗಿರಣಿ ಬಂದಮೇಲೆ ಬೀಸುವ ಕಲ್ಲುಗಳು ಮೂಲೆ ಸೇರಿದ್ದವು, ಅವುಗಳ ಜೊತೆ ಬೀಸುತ್ತ ಹಾಡುವ ಪದಗಳೂ. ಮುರಿಗಕ್ಕ ಹಳ್ಳಿ ಹಳ್ಳಿ ತಿರುಗಿ, ಮುದುಕಿಯರ ಎದುರು ಕೂತು, ಆ ಪದಗಳನ್ನು ಹಾಡಿಸಿ ಫೋನಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ಮುದುಕಿಯರು ಬೇರೆ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ.

ಸಾಫ್ಟ್‌ವೇರ್ ಗೀಫ್ಟ್‌ವೇರ್ ಆಕೆಗೆ ಬೇಡ. ಫೋನಿನಿಂದ ನೆಟ್ಟಗೆ ಮಠದ ಕೋಣೆಗೇ ಹಾಡು ಏರಿಸಿಬಿಡುವಳು. ಆಮೇಲೆ ಫೋನಿನಲ್ಲಿದ್ದದ್ದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುವಳು. ಅಲ್ಲಿದೆಯಲ್ಲ ಎಂಬ ಧೈರ್ಯ.

ಆದರೆ ಅಲ್ಲಿ ಇರುತ್ತಿರಲಿಲ್ಲ. ಅಡವಯ್ಯ ‘ಪ್ರಕಟಿಸು’ ಒತ್ತಿದ ಕೂಡಲೇ ಹಾಡುಗಳು ಮಾಯ.

ಆಕೆ ಮತ್ತೆ ಹೊಸ ಹಾಡು ತಂದು ಏರಿಸಿದಳು. ಅವನು ಮತ್ತೆ ಒತ್ತಿದ. ಎತ್ತು ಏರಿಗೆ, ಕೋಣ ನೀರಿಗೆ.

“ಬೇಕಂತ ಅಳಸ್ತಾನ ಅಂವಾ,” ಎಂದಳು ಮುರಿಗಕ್ಕ.

“ಹೇಳದ ಕೇಳದ ತಂದು ಸುರೀತಾರ,” ಎಂದ ಅಡವಯ್ಯ.

ಕಡೆಗೆ ಅವನು ಒಂದು ಹುಡುಗಾಟದ ಕೆಲಸ ಮಾಡಿದ. ಪಾಸ್‌ವರ್ಡ್ ಬದಲಿಸಿಬಿಟ್ಟ. ಮುರಿಗಕ್ಕ ಬಾಗಿಲ ಹೊರಗೆ ಉಳಿದಳು.

ಆಕೆ ಕೂಗಾಡಲಿಲ್ಲ. ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ಸೋಮವಾರದ ಪೂಜೆ ಮುಗಿಸಿಕೊಂಡು ತಂಗಿಯ ಊರಿಗೆ ಹೊರಟುಬಿಡುತ್ತೇನೆ ಎಂದು ಅಜ್ಜಾರಿಗೆ ಹೇಳಿ ಕಣ್ಣೊರೆಸಿಕೊಂಡಳು. ಆಕೆ ಹೋದರೆ ಪದಗಳೂ ಹೋದಂತೆ. ಅದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಜ್ಜಾರು ಹೊಳೆಯಲ್ಲಿ ಧೋತರ ಹಿಂಡುತ್ತಿದ್ದರು. ಅಡವಯ್ಯ ಹೋಗಿ ಕಲ್ಲಿನ ಮೇಲೆ ನಿಂತ.

“ಅಜ್ಜಾರ, ನೀವ ಒಂದು ತೀರ್ಮಾನ ಹೇಳ್ರಿ. ಸೈಟಿನ ಕೆಲಸಾ ಒಂದು ನಾ ಮಾಡಬೇಕು, ಇಲ್ಲಾ ಮುರಿಗಕ್ಕ ಮಾಡಬೇಕು. ಇಬ್ಬರೂ ಕೂಡಿ ಆಗೂದಿಲ್ರಿ.”

“ಆಕಿ ಏನ್ ಮಾಡಿದ್ಲು, ತಮ್ಮಾ?”

“ಹಾಡು ತಂದು ನೆಟ್ಟಗ ಒಳಗ ಇಡ್ತಾರ್ರಿ. ನನ್ನ ಸಾಫ್ಟ್‌ವೇರಿಗೆ ಅದರ ಗುರುತs ಇಲ್ಲ. ತನ್ನ ಹತ್ರ ಇದ್ದದ್ದಷ್ಟs ಅಲ್ಲೂ ಇರಬೇಕು ಅನ್ನೂದು ಅದರ ರೀತಿ. ಹೆಚ್ಚಿಂದು ಏನರ ಕಂಡ್ರ ಕಸಾ ಅಂತ ತಿಳದು ಗುಡಿಸಿ ಹಾಕತೈತ್ರಿ.”

“ಕಸಾ ಏನ ಅದು?”

“ಅಲ್ರಿ. ಆದ್ರ ಆ ಜಾಗಾ ನಾ ಅಚ್ಚುಕಟ್ಟ ಇಟ್ಟ ಜಾಗಾರಿ. ನಂದು.”

“ಬಾಡಿಗಿ ಜಾಗಾ ಅಂದಿದ್ದೆಲ್ಲೋ?”

ಅಡವಯ್ಯನಿಗೆ ಕೆಮ್ಮು ಬಂತು. ಅಜ್ಜಾರು ಧೋತರವನ್ನು ಕೊಡವಿ ಕಲ್ಲಿನ ಮೇಲೆ ಹರವಿದರು.

“ತೀರ್ಮಾನ ಏನ್ರಿ ಅಜ್ಜಾರ?”

“ನಾಳಿ ಸೋಮವಾರ. ಅಂಗಳ ನೀ ಸಾರಿಸು. ಒಂದು ಮೂಲಿನೂ ಬಿಡಬ್ಯಾಡ.”

ಅಡವಯ್ಯ ಕಾದ. ಅಜ್ಜಾರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಅಂದು ಸಂಜೆ ಅಜ್ಜಾರು ಮುರಿಗಕ್ಕನನ್ನೂ ಕರೆದರು.

“ನಾಳಿ ಅಂಗಳದಾಗ ನೀ ರಂಗೋಲಿ ಹಾಕವ್ವಾ. ಸಾರಿಸೂಕಿಂತ ಮೊದಲs ಹಾಕು.”

“ಸಾರಿಸೂಕಿಂತ ಮೊದಲ ಯಾರು ರಂಗೋಲಿ ಹಾಕ್ತಾರ್ರಿ, ಅಜ್ಜಾರ? ಸಣ್ಣ ಹುಡುಗ್ಯಾರೂ ಹಾಕೂದಿಲ್ಲ.”

“ನೀ ಹಾಕು.”

ಅಜ್ಜಾರಿಗೆ ವಯಸ್ಸಾಯಿತು ಎಂದುಕೊಂಡಳು ಮುರಿಗಕ್ಕ. ಆದರೂ ಹೋಗುವ ಮುಂಚಿನ ಕೊನೆಯ ಸೇವೆ. ಇಲ್ಲ ಎನ್ನಲು ಮನಸ್ಸಾಗಲಿಲ್ಲ.

ಬೆಳಗಿನ ಬೆಳಕು ಹರಿಯುತ್ತಿದ್ದಾಗ ಅಡವಯ್ಯ ಸಗಣಿ ಕಲಸಿದ ಬಕೆಟ್ ಹಿಡಿದು ಅಂಗಳಕ್ಕೆ ಬಂದ. ಬಂದವನು ನಿಂತ.

ಒಣ ನೆಲದ ನಡುವೆ ರಂಗೋಲಿ ಬಿದ್ದಿತ್ತು. ಹೂವಲ್ಲ, ಚುಕ್ಕಿಯಲ್ಲ. ಒಂದು ಬೀಸುವ ಕಲ್ಲು, ಅದರ ಗೂಟ ಹಿಡಿದು ಕಾಲು ಚಾಚಿ ಕೂತ ಒಬ್ಬ ಮುದುಕಿ. ಮುದುಕಿಯ ಬಾಯಿ ತೆರೆದಿತ್ತು.

“ಇದೆಂಥಾ ಹುಚ್ಚು!” ಎಂದ ಅಡವಯ್ಯ. ಸುತ್ತ ನೋಡಿದ. ಯಾರೂ ಇರಲಿಲ್ಲ.

ಒಂದು ಮೂಲೆಯಿಂದ ಸಾರಿಸುತ್ತ ಬಂದ. ಅವನ ಕೈ ಅಚ್ಚುಕಟ್ಟು. ನೆಲ ಹಸಿರಾಗಿ ನುಣುಪಾಗುತ್ತ ಬಂತು. ಮುದುಕಿಯ ಕಾಲಿನ ಹತ್ತಿರ ಬಂದಾಗ ಕೈ ನಿಂತಿತು. ಪಕ್ಕಕ್ಕೆ ಸರಿದು, ಆಕೆಯ ಬೆನ್ನ ಹಿಂದಿನಿಂದ ಸಾರಿಸಿದ. ಬೀಸುವ ಕಲ್ಲಿನ ಸುತ್ತ ಬೆರಳ ತುದಿಯಿಂದ ಸಾರಿಸಿದ. ಮುದುಕಿಯ ಜಾಗವೊಂದೇ ಒಣನೆಲವಾಗಿ ಉಳಿಯಿತು.

ಎದ್ದು ನಿಂತು ತಿರುಗಿದರೆ ಅಜ್ಜಾರು ಬಾಗಿಲಲ್ಲಿದ್ದರು.

“ಒಂದು ಮೂಲಿನೂ ಬಿಡಬ್ಯಾಡ ಅಂದಿದ್ನೆಲ್ಲ?”

“ಅಂದಿದ್ರಿ.”

“ಮತ್ತ ನಡುವs ಬಿಟ್ಟೀಯಲ್ಲೋ.”

“ಅಕ್ಕ ಹಾಕಿದ್ದು ಕಂಡ್ತರಿ. ಕೈ ಮುಂದ ಹೋಗಲಿಲ್ಲ.”

“ಆಕಿ ಮ್ಯಾಲ ಸಿಟ್ಟಿತ್ತಲ್ಲ ನಿನಗ?”

“ಸಿಟ್ಟು ಐತ್ರಿ. ಆದ್ರೂ ಅಳಸಾಕ ಆಗಲಿಲ್ಲ.”

“ಕಾಣದs ಇದ್ದಿದ್ರ?”

“ಕಾಣದಿದ್ರ… ಸಾರಿಸಿಬಿಡ್ತಿದ್ನಿರಿ.”

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಸಗಣಿ ಕೈಗಳನ್ನು ದೂರ ಹಿಡಿದುಕೊಂಡು ನಿಂತೇ ಇದ್ದ.

“ಅಜ್ಜಾರ, ನನ್ನ ಸಾಫ್ಟ್‌ವೇರಿಗೆ ಕಣ್ಣಿಲ್ರಿ.”

“ಮತ್ತ ಅದಕ್ಕ ಹೇಳಾವ್ರು ಯಾರು?”

“ನಾನs ಹೇಳಬೇಕ್ರಿ.”

“ಕೈ ತೊಳಕೊ ಮೊದಲ.”

ಅಡವಯ್ಯ ಕೈ ತೊಳೆದನೋ ಇಲ್ಲವೋ, ಓಡಿದ. ಕಂಪ್ಯೂಟರಿನ ಮುಂದಲ್ಲ, ಮುರಿಗಕ್ಕನ ಖೋಲಿಯ ಮುಂದೆ ಹೋಗಿ ನಿಂತ. ಚೀಲ ಬಾಗಿಲಿಗೇ ಬಂದು ಕೂತಿತ್ತು.

“ಅಕ್ಕಾರ, ನಾ ಬೇಕಂತ ಅಳಿಸಿಲ್ರಿ. ಆದ್ರ ಅಳಿಸಿದಾವ ನಾನs. ತಪ್ಪಾತ್ರಿ.”

ಮುರಿಗಕ್ಕ ಅವನ ಮೊಣಕೈವರೆಗಿನ ಸಗಣಿ ನೋಡಿದಳು. “ಪೂರಾ ಸಾರಿಸಿದೇನ?”

“ನಿಮ್ಮ ಮುದುಕಿನ್ನ ಬಿಟ್ಟು.”

ಆಕೆ ಹೊರಗೆ ಬಂದು ಅಂಗಳ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ನಕ್ಕಳೋ ಅತ್ತಳೋ ಅವನಿಗೆ ತಿಳಿಯಲಿಲ್ಲ.

“ಈಗೇನ್ ಮಾಡ್ತಿ?”

“ಕೋಣ್ಯಾಗ ಬ್ಯಾರೆ ಒಂದು ಫೋಲ್ಡರ್ ಮಾಡ್ತೀನ್ರಿ, ಬರೇ ಪದಕ್ಕ. ಅದನ್ನ ಮುಟ್ಟಬ್ಯಾಡ ಅಂತ ಸಾಫ್ಟ್‌ವೇರಿಗೆ ಹೇಳಿಡ್ತೀನಿ. ನೀವು ಅಲ್ಲೇ ಏರಸ್ರಿ. ಪಾಸ್‌ವರ್ಡ್ ನೀವs ಇಡ್ರಿ, ನನಗೂ ಹೇಳ್ರಿ.”

“ಮತ್ತ ಅಳಿಸಿಹೋದ ಪದಾ?”

ಅಡವಯ್ಯನ ಮುಖ ಸಣ್ಣದಾಯಿತು. “ಕಂಪನಿಯವ್ರು ಆಗಾಗ ಎಲ್ಲಾದ್ದರದೂ ಒಂದು ನಕಲು ತೆಗೆದಿಡ್ತಾರಂತ್ರಿ. ಕೇಳಿ ನೋಡ್ತೀನಿ. ಸಿಗತಾವೋ ಇಲ್ಲೋ ಹೇಳಾಕಾಗೂದಿಲ್ಲ.”

ಅಂದು ಅವನು ಕಂಪನಿಗೆ ಎಷ್ಟು ಸಲ ಫೋನ್ ಮಾಡಿದನೋ ಅವನಿಗೇ ಗೊತ್ತಿಲ್ಲ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಇಳಿಹೊತ್ತಿಗೆ ಹಳೆಯ ನಕಲುಗಳು ಬಂದವು, ಹಾಡುಗಳು ಒಂದೊಂದಾಗಿ ಹೊಸ ಫೋಲ್ಡರಿಗೆ ಮರಳಿದವು.

ಒಂದು ಪದ ಮಾತ್ರ ಬರಲಿಲ್ಲ. ನಕಲು ತೆಗೆಯುವ ಮೊದಲೇ ಅಳಿಸಿಹೋಗಿತ್ತು. ಅಡವಯ್ಯ ತಲೆ ತಗ್ಗಿಸಿ ಅದನ್ನು ಹೇಳಿದ.

ಮುರಿಗಕ್ಕ ಚೀಲವನ್ನು ಕಾಲಿನಿಂದ ಒಳಗೆ ನೂಕಿದಳು.

“ಇರಲಿ ಬಿಡು. ಮುದುಕಿ ಗಟ್ಟಿಮುಟ್ಟ ಅದಾಳ. ಬುಧವಾರ ಹೋಗಿ ಮತ್ತ ಹಾಡಸ್ತೀನಿ.”

ಅಡವಯ್ಯನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೂ ಅವನು ಅಚ್ಚುಕಟ್ಟಿನವನಲ್ಲವೇ? ಪರೀಕ್ಷೆ ಮಾಡದೆ ಬಿಟ್ಟಾನೆಯೇ? ಹೋಗಿ ದೇವರನ್ನು ನೆನೆದು ‘ಪ್ರಕಟಿಸು’ ಒತ್ತಿದ. ಪುಟಗಳೆಲ್ಲ ಹೋಗಿ ಕೂತವು. ಫೋಲ್ಡರ್ ತೆರೆದ. ಇದ್ದವು. ಎಲ್ಲವೂ ಇದ್ದವು.

ಸಂತೋಷ ತಡೆಯಲಾರದೆ ಹೊರಗೆ ಓಡಿಬಂದ.

ಕಟ್ಟೆಯ ಮೇಲೆ ಅಜ್ಜಾರು ಕಣ್ಣು ಮುಚ್ಚಿ ಕೂತಿದ್ದರು. ಮಗ್ಗುಲಲ್ಲಿ ಮುರಿಗಕ್ಕ ಫೋನು ಹಿಡಿದಿದ್ದಳು. ರೊಟ್ಟಿ ಬಡಿಯುವ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ನೆರೆದಿದ್ದರು. ಫೋನಿನಿಂದ ಯಾವುದೋ ಮುದುಕಿಯ ದನಿ ಬರುತ್ತಿತ್ತು, ಅದರ ಹಿಂದೆ ಕಲ್ಲು ತಿರುಗುವ ಗುರುಗುರು ಸದ್ದು. ಒಬ್ಬ ಹೆಂಗಸು ಅಳುತ್ತಿದ್ದಳು. ತವರಿನ ನೆನಪಾಗಿರಬೇಕು.

ಅಡವಯ್ಯ ಅವರೆಲ್ಲರ ನಡುವೆ ದಾರಿ ಮಾಡಿಕೊಂಡು ಕಟ್ಟೆಯ ಹತ್ತಿರ ಬಂದ.

“ಅಜ್ಜಾರ, ಗೆದ್ದಿವ್ರಿ! ಒತ್ತಿ ನೋಡಿದ್ನಿ. ಒಂದೂ ಹೋಗಿಲ್ಲ!”

ಅಜ್ಜಾರು ಕಣ್ಣು ತೆರೆಯಲಿಲ್ಲ. “ಇದು ಯಾವ ಊರಿನ ಪದ, ತಮ್ಮಾ?”

“ಅದು ಗೊತ್ತಿಲ್ರಿ. ನಾ ಕೇಳಿಲ್ಲ. ಆದ್ರ ಇನ್ನ ಚಿಂತಿ ಇಲ್ರಿ ಅಜ್ಜಾರ. ಪದದ ಫೋಲ್ಡರ್ ಬಂತಂದ್ರ ನನ್ನ ಸಾಫ್ಟ್‌ವೇರ್ ಹೊಳ್ಳಿನೂ ನೋಡಂಗಿಲ್ಲ. ಸುಮ್ನ ದಾಟಿ ಹೋಗಿಬಿಡತೈತಿ.”

ಅಜ್ಜಾರು ಕಟ್ಟೆಯ ಮೇಲೆ ತುಸು ಸರಿದು, ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

“ಅದಕ್ಕ ಕಿವಿ ಇಲ್ಲ, ದಾಟಿ ಹೋಗಲಿ. ನಿನಗೇನಾಗೇತಿ?”