ಮೀಟರ್ ಆರಿಹೋದ ಬೈಕು

"ಗುರುಗಳೇ, ಒಬ್ಬನಿಂದ ಎಲ್ಲರ ನೆಮ್ಮದಿ ಕೆಡುತ್ತಿದ್ದರೆ ಅವನನ್ನು ಕಳಿಸಿಬಿಡುವುದು ತಪ್ಪೇ?"

ಕೇಳಿದವನು ನಾಗಭೂಷಣ. ಮಠದಲ್ಲಿ ಎಲ್ಲರಿಗಿಂತ ಹಳೆಯ ಶಿಷ್ಯ. ಬೆಳಗಿನ ಪಾಠ, ಅಡುಗೆಮನೆ, ಬಂದವರ ಊಟ, ಎಲ್ಲವೂ ಅವನ ಉಸ್ತುವಾರಿಯಲ್ಲಿತ್ತು. ಅವನು ಯಾರನ್ನು ಕಳಿಸಬೇಕೆಂದರೂ ಗುರುಗಳು ಬೇಡವೆನ್ನುವುದು ಅಪರೂಪ.

"ಯಾರ ವಿಷಯ?" ಎಂದರು ಗುರುಗಳು.

"ಗಿರಿಮಲ್ಲ."

ಗಿರಿಮಲ್ಲ ಈಚೆಗೆ ಬಂದವನು. ಹಿಂದೆ ಮುಂದೆ ಯಾರೂ ಇಲ್ಲದವನು. ಮಠದಿಂದ ಹೊರಟರೆ ಅವನಿಗೆ ಹೋಗಲು ಇನ್ನೊಂದು ಮನೆಯಿರಲಿಲ್ಲ.

"ಅವನು ಏನು ಮಾಡಿದ?"

"ಇಂಥದ್ದು ಮಾಡಿದ ಎಂದು ಬೆರಳಿಟ್ಟು ತೋರಿಸಲಾರೆ. ಅವನು ಬರುವ ಮುಂಚೆ ಧ್ಯಾನಕ್ಕೆ ಕೂತರೆ ನನ್ನ ಮನಸ್ಸು ನಿಲ್ಲುತ್ತಿತ್ತು. ಅವನು ಬಂದ ಮೇಲೆ ಬರೀ ಕತ್ತಲೆ. ಮುಂಚೆ ಇತ್ತು, ಈಗಿಲ್ಲ. ಇನ್ನೇನು ಸಾಕ್ಷಿ ಬೇಕು?"

"ಕೂತುಕೋ" ಎಂದರು ಗುರುಗಳು. ನಾಗಭೂಷಣ ಕುಳಿತ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇದ್ದರು. ಒಂದೇ ಮನೆ, ಒಂದೇ ಒಲೆ. ಇಬ್ಬರಿಗೂ ಸೇರಿ ಒಂದು ಬೈಕು. ಅಣ್ಣನಿಗೆ ಮನೆಯ ಹತ್ತಿರವೇ ದಿನಸಿ ಅಂಗಡಿ. ತಮ್ಮನಿಗೆ ಊರಾಚೆಯ ನೂಲಿನ ಗಿರಣಿಯಲ್ಲಿ ಕೆಲಸ. ಹಾಗಾಗಿ ಗಾಡಿ ಹೆಚ್ಚು ಓಡಿಸುವವನು ತಮ್ಮ, ಅದನ್ನು ನೋಡಿಕೊಳ್ಳುವವನು ಅಣ್ಣ.

ಅಣ್ಣ ಶಿಸ್ತಿನ ಮನುಷ್ಯ. ಗಾಡಿ ಒರೆಸದೆ ತಿಂಡಿಗೆ ಕೂರುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೆ ತಾನೇ ಗಾಡಿ ತೊಳೆಯುತ್ತಿದ್ದ, ಕುಂಕುಮ ಹಚ್ಚುತ್ತಿದ್ದ, ಕವರಿನ ಸಂದಿಯಲ್ಲಿ ಬೆರಳು ತೂರಿಸಿ ಹ್ಯಾಂಡಲಿನ ಕುತ್ತಿಗೆಗೆ ಅರಿಶಿನದ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕುತ್ತಿದ್ದ. ಆ ದಾರಕ್ಕೆ ಮಾವಿನೆಲೆ, ಹೂವಿನ ಹಾರ. ಹೂವು ಬಾಡಿದ ಮೇಲೆ ಹಾರ ತೆಗೆಯುತ್ತಿದ್ದ. ದಾರ ತೆಗೆಯುತ್ತಿರಲಿಲ್ಲ. ಪೂಜೆಯ ದಾರಕ್ಕೆ ಕತ್ತರಿ ಹಾಕಬಾರದು ಎಂಬುದು ಅವನ ನಿಯಮ. ಹೀಗೆ ಹಳೆಯ ದಾರದ ಮೇಲೆ ಹೊಸ ದಾರ ಕೂರುತ್ತಾ ಹೋಯಿತು.

ಒಂದು ಸಂಜೆ ತಮ್ಮ ಗಾಡಿ ತಂದು ನಿಲ್ಲಿಸಿದಾಗ ಮೀಟರ್ ಆರಿಹೋಗಿತ್ತು. ಎಂಜಿನ್ ಓಡುತ್ತಿತ್ತು, ಮುಂದಿನ ಲೈಟು ಹತ್ತುತ್ತಿತ್ತು, ಹಾರ್ನ್ ಕೂಗುತ್ತಿತ್ತು. ಮೀಟರಿನಲ್ಲಿ ಮಾತ್ರ ವೇಗವಿಲ್ಲ, ಪೆಟ್ರೋಲಿನ ಗುರುತಿಲ್ಲ. ಬರೀ ಕಪ್ಪು ಗಾಜು.

"ಎಲ್ಲಿ ಬೀಳಿಸಿದೆ?" ಎಂದ ಅಣ್ಣ.

"ಬೀಳಿಸಿಲ್ಲ ಅಣ್ಣ. ಗಿರಣಿ ಗೇಟಿನ ಹತ್ತಿರ ತಿರುಗಿಸುವಾಗ ಒಂದು ಸಲ ಮಿನುಗಿತು, ಆರಿಹೋಯಿತು. ಎಡಕ್ಕೆ ತಿರುಗಿಸಿದರೆ ಹ್ಯಾಂಡಲ್ ಹಿಡಿದ ಹಾಗೆ ಆಗುತ್ತೆ ಅಂತ ನಾನು ಮೊದಲೇ ಹೇಳಿರಲಿಲ್ವಾ?"

"ಮಾತು ತಿರುಗಿಸಬೇಡ. ನಾನು ಕೊಡುವಾಗ ಇತ್ತು. ನೀನು ತಂದಾಗ ಇಲ್ಲ."

"ನಿನ್ನ ಅಂಗಡಿ ತಕ್ಕಡಿಯೇನೋ ಇದು, ಇತ್ತು ಇಲ್ಲ ಅಂತ ತೂಗಿ ಮುಗಿಸೋಕೆ?"

ಅಣ್ಣ ಕೈ ಚಾಚಿದ. ತಮ್ಮ ಕೀ ಕೊಟ್ಟ. ಆಮೇಲೆ ಆ ಕೀ ಅವನಿಗೆ ಸಿಗಲಿಲ್ಲ.

ತಮ್ಮ ಬಸ್ಸಿನಲ್ಲಿ ಹೋಗತೊಡಗಿದ. ಬಸ್ಸಿನ ಹೊತ್ತಿಗೂ ಗಿರಣಿಯ ಹೊತ್ತಿಗೂ ಹೊಂದಲಿಲ್ಲ. ಕೊನೆಗೆ ಗಿರಣಿಯ ಪಕ್ಕದಲ್ಲೇ ಒಂದು ಕೋಣೆ ಹಿಡಿದ. ಅವನ ಹೆಂಡತಿ ಪಾತ್ರೆಗಳನ್ನು ಬೇರೆ ಮಾಡಿ ಚೀಲಕ್ಕೆ ತುಂಬಿದಳು. ಅಣ್ಣ ಜಗಲಿಯಲ್ಲಿ ಕುಳಿತು ನೋಡುತ್ತಿದ್ದ. ತಡೆಯಬಹುದಿತ್ತು. "ಸುಳ್ಳು ಹೇಳುವವನು ಇದ್ದರೂ ಅಷ್ಟೇ, ಹೋದರೂ ಅಷ್ಟೇ" ಎಂದುಕೊಂಡ.

ಆಮೇಲೆ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದ. ಮೆಕ್ಯಾನಿಕ್ ಫ್ಯೂಸ್ ನೋಡಿದ, ಸರಿಯಿತ್ತು. ಬ್ಯಾಟರಿ ನೋಡಿದ, ಅದೂ ಸರಿಯಿತ್ತು.

"ಇನ್ನು ವೈರು ನೋಡಬೇಕು ಸಾರ್. ಮುಂದಿನ ಕವರ್ ಎಲ್ಲ ಬಿಚ್ಚಬೇಕಾಗುತ್ತೆ."

"ವೈರಿಗೆ ಏನಾಗುತ್ತೆ? ದಿನಾ ಒರೆಸುವವನು ನಾನು. ನನ್ನ ತಮ್ಮ ಎಲ್ಲೋ ಬೀಳಿಸಿ ಮೀಟರ್ ಕೆಡಿಸಿದ್ದಾನೆ. ಹೊಸದು ಹಾಕು."

ಮೆಕ್ಯಾನಿಕ್‌ಗೂ ಕವರ್ ಬಿಚ್ಚುವ ಉಮೇದಿರಲಿಲ್ಲ. "ಗಾಡಿ ನಿಮ್ಮದು" ಎಂದು ಹೊಸ ಮೀಟರ್ ತರಿಸಿ ಹಾಕಿದ. ಬೆಳಗಿತು. ಅಣ್ಣನಿಗೆ ಮೀಟರ್ ಬಂದದ್ದಕ್ಕಿಂತ ತನ್ನ ಮಾತು ನಿಜವಾದದ್ದೇ ಹೆಚ್ಚು ಸಮಾಧಾನ ತಂದಿತು. ಗಾಡಿ ಹತ್ತಿದ, ಮೆಕ್ಯಾನಿಕ್ ಅಂಗಡಿಯ ಮುಂದಿನಿಂದ ರಸ್ತೆಗೆ ಇಳಿಯಲು ಎಡಕ್ಕೆ ತಿರುಗಿಸಿದ.

ಮೀಟರ್ ಆರಿಹೋಯಿತು.

ಅವನು ಅಲ್ಲೇ ನಿಂತ. ಹ್ಯಾಂಡಲ್ ನೇರ ಮಾಡಿದ. ಬೆಳಗಿತು. ಎಡಕ್ಕೆ ತಿರುಗಿಸಿದ. ಆರಿತು. ಮತ್ತೊಮ್ಮೆ ಮಾಡಿ ನೋಡುವ ಧೈರ್ಯವಾಗಲಿಲ್ಲ. ಗಾಡಿಯನ್ನು ತಳ್ಳಿಕೊಂಡು ಹಿಂದಕ್ಕೆ ಬಂದ.

"ಕವರ್ ಬಿಚ್ಚು" ಎಂದ.

ಮೆಕ್ಯಾನಿಕ್ ಬಿಚ್ಚಿದ. ಹ್ಯಾಂಡಲಿನ ಕುತ್ತಿಗೆಯಲ್ಲಿ, ಮೀಟರಿಗೆ ಹೋಗುವ ವೈರುಗಳ ಕಟ್ಟಿನ ಮೇಲೆ, ಎಣ್ಣೆ ಧೂಳು ಕುಡಿದು ಕಪ್ಪಗಾದ ಒಂದು ಗಡ್ಡೆ ಕಂಡಿತು. ಅವನು ಸ್ಕ್ರೂಡ್ರೈವರ್ ತುದಿಯಿಂದ ಕೆದಕಿದ. ಒಳಗೆ ಇನ್ನೂ ಹಳದಿ ಇತ್ತು.

"ಏನ್ ಸಾರ್ ಇದು, ಗಾಡಿಗೆ ಉಡಿದಾರ ಕಟ್ಟಿದ್ದೀರಾ!" ಎಂದು ನಕ್ಕ.

ಅಣ್ಣ ನಗಲಿಲ್ಲ. ದಾರದ ಗಂಟುಗಳು ವೈರುಗಳನ್ನು ಚೌಕಟ್ಟಿಗೆ ಸೇರಿಸಿ ಬಿಗಿದಿದ್ದವು. ಹ್ಯಾಂಡಲ್ ತಿರುಗಿದಾಗೆಲ್ಲ ವೈರು ಜಗ್ಗಿ ಜಗ್ಗಿ ಒಂದು ತಂತಿ ಒಳಗೇ ತುಂಡಾಗಿತ್ತು. ಹೊಸ ಮೀಟರ್ ಕೂರಿಸುವಾಗ ಕೈ ತಾಗಿ ಆ ತುಂಡಾದ ತುದಿಗಳು ಒಂದಕ್ಕೊಂದು ಮುಟ್ಟಿದ್ದವು, ಅಷ್ಟೇ. ಮೀಟರಿಗೆ ಏನೂ ಆಗಿರಲಿಲ್ಲ. ಹಳೆಯದಕ್ಕೂ ಆಗಿರಲಿಲ್ಲ.

"ಯಾರು ಕಟ್ಟಿದ್ದು ಸಾರ್, ಇಷ್ಟೊಂದು ಬಿಗಿ?"

ತಮ್ಮ ಒಂದು ಸಲವೂ ಆ ಗಾಡಿಗೆ ದಾರ ಕಟ್ಟಿದವನಲ್ಲ. ಪೂಜೆಯ ದಿನ ಅವನು ಕರ್ಪೂರ ಹಚ್ಚಿ ಪಕ್ಕಕ್ಕೆ ನಿಲ್ಲುತ್ತಿದ್ದ.

ಅಣ್ಣ ಕತ್ತರಿ ಕೇಳಿ ತೆಗೆದುಕೊಂಡ. ತಾನೇ ಒಂದೊಂದಾಗಿ ದಾರ ಕತ್ತರಿಸಿದ. ಮೆಕ್ಯಾನಿಕ್ ತಂತಿ ಬೆಸೆದು, ಟೇಪು ಸುತ್ತಿ, ಹಳೆಯ ಮೀಟರನ್ನೇ ಮತ್ತೆ ಕೂರಿಸಿದ. ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಬೆಳಗುತ್ತಿತ್ತು.

ಅಲ್ಲಿಂದ ನೇರವಾಗಿ ತಮ್ಮನ ಕೋಣೆಗೆ ಹೋದ. ಬಾಗಿಲಲ್ಲಿ ನಿಂತಿದ್ದ ತಮ್ಮ ಮೊದಲು ಗಾಡಿ ನೋಡಿದ, ಆಮೇಲೆ ಅಣ್ಣನನ್ನು.

"ಬಂತಾ ಮೀಟರ್?"

"ಬಂತು."

"ಏನಾಗಿತ್ತಂತೆ?"

ಅಣ್ಣನ ಜೇಬಿನಲ್ಲಿ ಕತ್ತರಿಸಿದ ದಾರದ ಉಂಡೆ ಇತ್ತು. ತೋರಿಸಬೇಕೆಂದೇ ತಂದಿದ್ದ. ಕೈ ಜೇಬಿನವರೆಗೆ ಹೋಯಿತು. ಅಲ್ಲೇ ನಿಂತಿತು.

"ವೈರು ಕಡಿದಿತ್ತು" ಎಂದ. "ಸಾಮಾನು ಕಟ್ಟಿಕೋ, ಮನೆಗೆ ಹೋಗೋಣ."

ತಮ್ಮ ಇನ್ನೂ ಒಂದು ಮಾತಿಗೆ ಕಾದ. ಅದು ಬರಲಿಲ್ಲ. "ಒಳಗೆ ಬಾ, ಕಾಫಿ ಕುಡಿದು ಹೋಗು" ಎಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಮುಗಿಯಿತೋ ಇಲ್ಲವೋ ನಾಗಭೂಷಣನಿಗೆ ತಿಳಿಯಲಿಲ್ಲ.

"ತಮ್ಮ ಮನೆಗೆ ಬಂದನೇ?" ಎಂದು ಕೇಳಿದ.

"ಹಬ್ಬಕ್ಕೆ ಬಂದ. ಊಟ ಮಾಡಿ ಹೋದ."

ಅಂಗಳದಲ್ಲಿ ಗಿರಿಮಲ್ಲ ಬಾವಿಯಿಂದ ನೀರು ಸೇದುತ್ತಿದ್ದ. ರಾಟೆಯ ಸದ್ದು ಕೇಳುತ್ತಿತ್ತು. ಗುರುಗಳು ಎದ್ದರು, ಮೇಲುವಸ್ತ್ರ ಹೊದ್ದುಕೊಂಡರು, ಬಾಗಿಲ ಬಳಿ ನಿಂತು ಹೇಳಿದರು:

"ನೀನು ಕೇಳಿದ ಹಾಗೆ ನಾಳೆ ಬೆಳಿಗ್ಗೆಯೇ ಅವನನ್ನು ಕಳಿಸುತ್ತೇನೆ ನಾಗಭೂಷಣ, ಆಮೇಲೂ ನಿನಗೆ ಕತ್ತಲೆಯೇ ಕಂಡರೆ ಮುಂದೆ ಯಾರನ್ನು ಕಳಿಸಲಿ, ಅದನ್ನೂ ಈಗಲೇ ಹೇಳಿಬಿಡು."